ಪಿ60 ಟಾರ್ಚಿಗೆ ಹೊಸ ಎಲ್‌ಇಡಿ ಮಾಡ್ಯೂಲ್: ತೋಟದ ಕಾವಲಿಗೆ ಯಾವುದು ಸರಿ?

ಕೆಳಗಿನತೋಟ_ಶಿರಸಿ:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಡಬ್ಲ್ಯುಎಫ್-502ಬಿ ಎಂಬ ಅಲ್ಯೂಮಿನಿಯಂ ಟಾರ್ಚ್. ಚಾರ್ಜ್ ಮಾಡಬಹುದಾದ 18650 ಲಿಥಿಯಂ ಸೆಲ್ ಒಂದನ್ನು ಹಾಕುವಂಥದ್ದು. ಮೂತಿ ತಿರುಗಿಸಿ ಬಿಚ್ಚಿದರೆ ರಿಫ್ಲೆಕ್ಟರ್, ಎಲ್‌ಇಡಿ, ಸ್ಪ್ರಿಂಗ್ ಎಲ್ಲ ಒಂದೇ ಆಗಿರುವ ಮಾಡ್ಯೂಲ್ ಕೈಗೆ ಬರುತ್ತದೆ. ಈ ಅಳತೆಯ ಮಾಡ್ಯೂಲಿಗೇ ಪಿ60 ಎನ್ನುತ್ತಾರೆ. ಈಗ ಅದರ ಬೆಳಕು ನೇರಳೆ ಬಣ್ಣಕ್ಕೆ ತಿರುಗಿದೆ. ಮೊದಲಿನ ಅರ್ಧದಷ್ಟೂ ಪ್ರಖರತೆ ಉಳಿದಿಲ್ಲ, ಅಲುಗಿಸಿದರೆ ಆರಿ ಹತ್ತುತ್ತದೆ. ಟಾರ್ಚಿನ ಮೈ ಮಾತ್ರ ಗಟ್ಟಿಮುಟ್ಟಾಗಿದೆ, ಎಸೆಯಲು ಮನಸ್ಸು ಬರುತ್ತಿಲ್ಲ.

ನಮ್ಮ ಅಂಗಳದಿಂದ ತೋಟದ ಕೆಳಗಿನ ಹಳ್ಳದವರೆಗೆ ಸುಮಾರು 60 ಮೀಟರ್. ಕಾಡುಹಂದಿ ನುಗ್ಗಿದೆಯೇ ಎಂದು ಅಲ್ಲಿಯವರೆಗೆ ಕಾಣಬೇಕು. ಅದೇ ಟಾರ್ಚ್ ಹಿಡಿದು ರಾತ್ರಿ ಪಂಪ್‌ಸೆಟ್ಟಿನ ಹತ್ತಿರ ಇಳಿಯಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೆ ಮನೆಯೊಳಗೂ ಅದೇ ಬೇಕು.

ಮಾರಾಟಕ್ಕೆ ಕಂಡಿರುವವು ಮೂರು. ಒಂದರಲ್ಲಿ ಎಕ್ಸ್‌ಎಂ-ಎಲ್2 ಎಂಬ ಎಲ್‌ಇಡಿ, ಐದು ಮೋಡ್, 3.7ರಿಂದ 18 ವೋಲ್ಟ್, ಪೆಟ್ಟಿಗೆಯ ಮೇಲೆ 2000 ಲ್ಯೂಮೆನ್ ಎಂದು ಬರೆದಿದೆ. ಎರಡನೆಯದರಲ್ಲಿ ಎಕ್ಸ್‌ಪಿ-ಜಿ2 ಎಲ್‌ಇಡಿ, ಮೂರು ಮೋಡ್, 2.8ರಿಂದ 4.2 ವೋಲ್ಟ್. ಮೂರನೆಯದರಲ್ಲಿ ನಿಚಿಯಾ ಕಂಪನಿಯ ಮೂರು ಎಲ್‌ಇಡಿಗಳಿವೆ, ಬೆಲೆಯಲ್ಲಿ ಅದೇ ದುಬಾರಿ. ಯಾವುದನ್ನು ತರಿಸಲಿ?

ಹೊನ್ನಾವರ_ಹುಡುಗ:
ಹೊಸ ಟಾರ್ಚನ್ನೇ ಕೊಂಡುಬಿಡಿ. ಮಾಡ್ಯೂಲಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಚಾರ್ಜಿಂಗ್ ಕಿಂಡಿ ಇರುವ ಟಾರ್ಚೇ ಬರುತ್ತದೆ.

ಬೈತಖೋಲ್_ಬಂದರು:
ಎಸೆಯಿರಿ ಎನ್ನುವುದು ಸುಲಭ, ತಮ್ಮ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ನಮ್ಮ ಬಂದರಿನ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ತಡೆದರೆ ಹೆಚ್ಚು. ಆಮೇಲೆ ಕಿಂಡಿಯೊಳಗೆ ಹಸಿರು ಕಿಲುಬು. ಬಿಚ್ಚಿ ಜೋಡಿಸಬಹುದಾದ ಟಾರ್ಚನ್ನು ಒರೆಸಿ, ಗ್ರೀಸ್ ಹಚ್ಚಿ ಎಷ್ಟು ವರ್ಷವಾದರೂ ನಡೆಸಬಹುದು. ಅವರು ಕೇಳಿದ್ದು ಮಾಡ್ಯೂಲ್ ಬಗ್ಗೆ, ಅದನ್ನೇ ಹೇಳೋಣ.

ಕುಮಟಾ_ಸೋಲ್ಡರ್:
ತೋಟದವರೇ, ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಹಿಂದಿನ ಮುಚ್ಚಳವನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಸೆಲ್ಲಿನ ಋಣ ತುದಿ ನಿಮ್ಮ ಕಡೆಗೆ ಕಾಣುತ್ತದೆ. ಒಂದು ತಂತಿಯ ತುಂಡಿನಿಂದ ಆ ತುದಿಯನ್ನೂ ಟಾರ್ಚ್ ಕೊಳವೆಯ ಅಂಚನ್ನೂ ಮುಟ್ಟಿಸಿ. ಅಂಚಿನಲ್ಲಿ ಕಪ್ಪು ಲೇಪ ಇಲ್ಲದ, ಹೊಳೆಯುವ ಲೋಹ ಇರುವ ಕಡೆ ಮುಟ್ಟಬೇಕು. ಲೇಪದ ಮೇಲೆ ವಿದ್ಯುತ್ ಹರಿಯುವುದಿಲ್ಲ. ಹೀಗೆ ಮಾಡಿದಾಗ ಬೆಳಕು ನಡುಗದೆ ನಿಂತರೆ ಆರಿ ಹತ್ತುವ ದೋಷ ಸ್ವಿಚ್ಚಿನದು, ಮಾಡ್ಯೂಲಿನದಲ್ಲ. ಸ್ವಿಚ್ ಕೆಟ್ಟಿರುವಾಗ ಹೊಸ ಮಾಡ್ಯೂಲ್ ಹಾಕಿದರೆ ಅದೂ ಮಿಣುಕುತ್ತದೆ.

ನೇರಳೆ ಬಣ್ಣದ ಸಂಗತಿ ಬೇರೆ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕಿನ ಚಿಪ್ಪು. ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿ ಮತ್ತು ಹಳದಿ ಕೂಡಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬಿಸಿ ಹೆಚ್ಚಾಗಿ ಮೇಲಿನ ಪದರ ಸುಟ್ಟರೆ ನೀಲಿಯೇ ಮುಂದಾಗುತ್ತದೆ. ಅಂದರೆ ನಿಮ್ಮ ಎಲ್‌ಇಡಿ ಬೆಂದಿದೆ. ಅದು ಯಾಕೆ ಬೆಂದಿತು ಎಂದು ತಿಳಿಯದೆ ಹೊಸದನ್ನು ಹಾಕಿದರೆ ಅದಕ್ಕೂ ಇದೇ ಗತಿ.

ನಿವೃತ್ತ_ವಿಜ್ಞಾನಮಾಸ್ತರ:
ಚೆನ್ನಾಗಿ ಹೇಳಿದಿರಿ. ಆ ನೀಲಿ ಎಲ್‌ಇಡಿಯನ್ನು ಕಂಡುಹಿಡಿದದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದು. ನಕಮುರಾ ಆ ಕೆಲಸ ಮಾಡಿದ್ದು ಇದೇ ನಿಚಿಯಾ ಕಂಪನಿಯಲ್ಲಿದ್ದಾಗ.

ಕೆಳಗಿನತೋಟ_ಶಿರಸಿ:
ಪರೀಕ್ಷೆ ಮಾಡಿದೆ. ತಂತಿ ಮುಟ್ಟಿಸಿದಾಗ ಬೆಳಕು ನಡುಗಲಿಲ್ಲ, ಬಣ್ಣ ನೇರಳೆಯೇ. ಅಂದರೆ ಸ್ವಿಚ್ಚೂ ಎಲ್‌ಇಡಿಯೂ ಎರಡೂ ಹೋಗಿವೆಯೇ?

ಕುಮಟಾ_ಸೋಲ್ಡರ್:
ಸ್ವಿಚ್ ಹೋಗಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಮುಚ್ಚಳದೊಳಗೆ ಎರಡು ಚಿಕ್ಕ ತೂತುಗಳಿರುವ ಒಂದು ಉಂಗುರ ಇರುತ್ತದೆ. ಮೊನಚು ಇಕ್ಕಳದ ಎರಡು ತುದಿಗಳನ್ನು ಆ ತೂತುಗಳಿಗೆ ಕೊಟ್ಟು ಬಲಕ್ಕೆ ಬಿಗಿ ಮಾಡಿ. ಹೆಚ್ಚಿನ ಸಲ ಆ ಉಂಗುರ ಸಡಿಲವಾಗಿರುವುದೇ ಕಾರಣ.

ಈಗ ಆಯ್ಕೆಯ ಮಾತು. ಎಲ್ಲರೂ ಮೊದಲು ಎಲ್‌ಇಡಿಯ ಹೆಸರು ನೋಡುತ್ತಾರೆ. ನೋಡಬೇಕಾದದ್ದು ಅದರ ಹಿಂದಿರುವ ಡ್ರೈವರ್, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಚಿಕ್ಕ ಸರ್ಕ್ಯೂಟ್ ಹಲಗೆ. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್, ಕರೆಂಟ್ ಹೆಚ್ಚಿದಂತೆ ತುಸು ಮೇಲೇರುತ್ತದೆ. ನಿಮ್ಮ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಸುತ್ತ ಹೋದಂತೆ 3ರ ಹತ್ತಿರಕ್ಕೆ ಇಳಿಯುತ್ತದೆ. 3.7ರಿಂದ 18 ಎಂದು ಬರೆದದ್ದರಲ್ಲಿ ಇರುವುದು ಹೆಚ್ಚಿನ ವೋಲ್ಟೇಜನ್ನು ಇಳಿಸುವ ಡ್ರೈವರ್. ಅದಕ್ಕೆ ಎಲ್‌ಇಡಿಗೆ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚುವರಿ ವೋಲ್ಟೇಜ್ ಬೇಕೇ ಬೇಕು. ಒಂದೇ ಸೆಲ್ ಹಾಕಿದರೆ ಮೊದಲ ಕೆಲವು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಸೆಲ್ ಇಳಿದ ಹಾಗೆ ಬೆಳಕೂ ಇಳಿಯುತ್ತ ಹೋಗುತ್ತದೆ.

ಎರಡನೆಯದರಲ್ಲಿ ಇರುವುದು ಬಹುತೇಕ ಎಎಂಸಿ7135 ಚಿಪ್ಪುಗಳ ಡ್ರೈವರ್. ಒಂದೊಂದು ಚಿಪ್ಪು 350 ಮಿಲಿಆಂಪಿಯರ್ ಬಿಡುತ್ತದೆ. ಹಲಗೆಯ ಅಂಚಿನಲ್ಲಿ ಚಿಪ್ಪು ಎಣಿಸಿದರೆ ಕರೆಂಟ್ ಎಷ್ಟೆಂದು ಗೊತ್ತಾಗುತ್ತದೆ. ನಾಲ್ಕಿದ್ದರೆ 1.4 ಆಂಪಿಯರ್, ಎಂಟಿದ್ದರೆ 2.8. ಒಂದು ಲಿಥಿಯಂ ಸೆಲ್ಲಿಗೆ ಇದಕ್ಕಿಂತ ಸರಳವಾದ, ನಂಬಿಕಸ್ತ ವ್ಯವಸ್ಥೆ ನನಗೆ ಕಂಡಿಲ್ಲ.

ಯಲ್ಲಾಪುರದಿಂದ:
ಇದನ್ನು ಪೂರ್ತಿ ಒಪ್ಪುವುದಿಲ್ಲ. ಪಿ60 ಎಂಬುದು ಮೂಲತಃ ಶ್ಯೂರ್‌ಫೈರ್ 6ಪಿ ಟಾರ್ಚಿನ ಬಲ್ಬಿನ ಅಳತೆ. ಅದಕ್ಕೆ ಹಾಕುತ್ತಿದ್ದದ್ದು 3 ವೋಲ್ಟಿನ ಸಿಆರ್123 ಸೆಲ್ ಎರಡು, ಒಟ್ಟು 6 ವೋಲ್ಟ್. ವಿಶಾಲ ವೋಲ್ಟೇಜಿನ ಮಾಡ್ಯೂಲ್ ಇದ್ದರೆ ಅವನ್ನೂ ಹಾಕಬಹುದು, ಚಾರ್ಜ್ ಮಾಡಬಹುದಾದ 16340 ಎಂಬ ಗಿಡ್ಡ ಲಿಥಿಯಂ ಸೆಲ್ ಎರಡನ್ನೂ ಹಾಕಬಹುದು. 7135ರದ್ದಕ್ಕೆ ಹಾಗೆ ತುಂಬಿದ ಎರಡು ಲಿಥಿಯಂ ಸೆಲ್ಲಿನ 8.4 ವೋಲ್ಟ್ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ. ನಾಳೆ ಸೆಲ್ ಬದಲಿಸಬೇಕಾಗಿ ಬಂದರೆ?

ಕುಮಟಾ_ಸೋಲ್ಡರ್:
ಶಿರಸಿಯ ಹಳ್ಳಿಯಲ್ಲಿ ಸಿಆರ್123 ಎಲ್ಲಿ ಸಿಗುತ್ತದೆ, ಹೇಳಿ ಮಾರಾಯರೇ! ಸಿಕ್ಕರೂ ಚಾರ್ಜ್ ಮಾಡುವಂಥದ್ದಲ್ಲ, ಮುಗಿದರೆ ಎಸೆಯಬೇಕು. 16340 ಎರಡು ಹಾಕಿದರೂ ಕೂಡಿಟ್ಟ ಶಕ್ತಿ ಒಂದು ಒಳ್ಳೆಯ 18650ರ ಅರ್ಧದಷ್ಟೇ. ಅವರ ಹತ್ತಿರ ಇರುವುದು 18650, ಚಾರ್ಜರೂ ಅದಕ್ಕೇ ಇದೆ. ಬರಲಾರದ ದಿನಕ್ಕಾಗಿ ಪ್ರತಿ ರಾತ್ರಿಯ ಬೆಳಕನ್ನು ಕಳೆದುಕೊಳ್ಳುವುದು ಏಕೆ?

ಯಲ್ಲಾಪುರದಿಂದ:
18650ಯನ್ನೇ ಹಾಕುವುದಾದರೆ ನಿಮ್ಮ ಮಾತು ಸರಿ. ಆದರೆ 7135 ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆಯುತ್ತದೆ ಎಂಬುದನ್ನೂ ಹೇಳಿ. ಸೆಲ್ 4.2ರಲ್ಲಿ ಇರುವಾಗ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೀಗೇ ಹೋಗುತ್ತದೆ.

ಕುಮಟಾ_ಸೋಲ್ಡರ್:
ಹೋಗುತ್ತದೆ, ಆದರೆ ತುಂಬಿದ ಸೆಲ್ಲಿನ ಮೊದಲ ಹೊತ್ತಿನಲ್ಲಿ ಮಾತ್ರ. 3.7ಕ್ಕೆ ಇಳಿದಾಗ ನಷ್ಟ ಅದರ ಅರ್ಧದ ಹತ್ತಿರಕ್ಕೆ ಬಂದಿರುತ್ತದೆ.

ನಿವೃತ್ತ_ವಿಜ್ಞಾನಮಾಸ್ತರ:
ದೂರದ ಲೆಕ್ಕವನ್ನು ಯಾರೂ ಮಾಡಲಿಲ್ಲವಲ್ಲ. ಲ್ಯೂಮೆನ್ ಎಂದರೆ ಹೊರಬಿದ್ದ ಒಟ್ಟು ಬೆಳಕು. ಅದು ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. ಟಾರ್ಚಿನ ಪೆಟ್ಟಿಗೆಯ ಮೇಲೆ ಬರೆಯುವ ಮೀಟರ್ ಲೆಕ್ಕಕ್ಕೆ ಒಂದು ಒಪ್ಪಿತ ಕ್ರಮವಿದೆ: 0.25 ಲಕ್ಸ್ ಬೆಳಕು ಬೀಳುವ ದೂರ. ಅದು ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟೇ. ಅಡಿಕೆ ಮರಗಳ ನೆರಳಿನಲ್ಲಿ ಕಪ್ಪು ಹಂದಿಯನ್ನು ಗುರುತಿಸಲು ಅದು ಸಾಲದು.

60 ಮೀಟರಿನಲ್ಲಿ 2 ಲಕ್ಸ್ ಬೇಕು ಎಂದಿಟ್ಟುಕೊಳ್ಳೋಣ. ದೂರದ ವರ್ಗವನ್ನು ಲಕ್ಸ್‌ನಿಂದ ಗುಣಿಸಿ: 60 ಗುಣಿಲೆ 60, ಅದರ ಎರಡರಷ್ಟು, ಅಂದರೆ 7200 ಕ್ಯಾಂಡೆಲಾ. ಮಾರುವವರು ಈ ಸಂಖ್ಯೆ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿರದಿದ್ದರೆ ಒಂದು ಮಾತು ನೆನಪಿಡಿ. ರಿಫ್ಲೆಕ್ಟರ್ ಒಂದೇ ಆಗಿದ್ದಾಗ ಎಲ್‌ಇಡಿಯ ಬೆಳಗುವ ಚೌಕ ಚಿಕ್ಕದಾದಷ್ಟೂ ಕಿರಣ ಬಿಗಿಯಾಗುತ್ತದೆ. ಎಕ್ಸ್‌ಎಂ-ಎಲ್2ರ ಚೌಕ ದೊಡ್ಡದು, ಎಕ್ಸ್‌ಪಿ-ಜಿ2ರದ್ದು ಚಿಕ್ಕದು. ಮೊದಲನೆಯದು ಅಂಗಳವನ್ನೆಲ್ಲ ಬೆಳಗುತ್ತದೆ, ಎರಡನೆಯದು ಹಳ್ಳವನ್ನು ಮುಟ್ಟುತ್ತದೆ.

ಹೊನ್ನಾವರ_ಹುಡುಗ:
2000 ಲ್ಯೂಮೆನ್ ಇರುವಾಗ ಬಿಗಿ ಆಗಬೇಕೇಕೆ ಮಾಸ್ತರೇ? ಅಷ್ಟು ಬೆಳಕಿದ್ದರೆ ಎಲ್ಲ ಕಡೆಯೂ ಸಾಕಾಗುತ್ತದೆ.

ಕುಮಟಾ_ಸೋಲ್ಡರ್:
ಆ 2000 ಸುಳ್ಳು. ಎಕ್ಸ್‌ಎಂ-ಎಲ್2ಕ್ಕೆ ತಯಾರಕರೇ ಹಾಕಿದ ಮಿತಿ 3 ಆಂಪಿಯರ್. ಆ ಮಿತಿಯಲ್ಲಿ ಹೊರಡುವುದು ಸುಮಾರು ಸಾವಿರ ಲ್ಯೂಮೆನ್. ಗಾಜು, ರಿಫ್ಲೆಕ್ಟರ್ ದಾಟುವಾಗ ಇನ್ನಷ್ಟು ಕಡಿಮೆಯಾಗುತ್ತದೆ. ಅದೇ ಮಾರಾಟಗಾರರು 9900 ಎಂಎಎಚ್ ಎಂದು ಅಚ್ಚು ಹಾಕಿದ 18650 ಸೆಲ್ಲನ್ನೂ ಕೊಡುತ್ತಾರೆ. ಹೆಸರಾಂತ ತಯಾರಕರ ಒಳ್ಳೆಯ ಸೆಲ್ಲುಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ನೋಡಿ. ಸರಿಯಾದ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ನಕಲಿ ಕೈಗೇ ಹಗುರ ಎನಿಸುತ್ತದೆ.

ಕಪ್ಪೆ_ಕೂಗು:
ನಾನು ಸಿದ್ದಾಪುರದವಳು. ಮಳೆಗಾಲದ ರಾತ್ರಿ ಕಪ್ಪೆಗಳನ್ನು ನೋಡಲು ಹಳ್ಳದ ಬದಿಯಲ್ಲಿ ಅಲೆಯುತ್ತೇನೆ. ನೀವೆಲ್ಲ ದೂರವನ್ನೇ ಹಿಡಿದು ಕುಳಿತಿದ್ದೀರಿ. ತೋಟದವರು ರಾತ್ರಿ ಪಂಪ್‌ಸೆಟ್ಟಿಗೆ ಇಳಿಯುತ್ತೇನೆ ಎಂದೂ ಬರೆದಿದ್ದಾರೆ. ಕಾಲ ಬುಡದಲ್ಲಿ ಏನಿದೆ ಎಂದು ಕಾಣುವುದು ಹಂದಿಗಿಂತ ಮುಖ್ಯ. ತರಗೆಲೆಯ ಮೇಲೆ ತರಗೆಲೆಯ ಬಣ್ಣದಲ್ಲೇ ಸುತ್ತಿಕೊಂಡು ಮಲಗಿರುವ ಗುಳಿಮಂಡಲ ಹಾವು, ನೀಲಿ ಛಾಯೆಯ 6500 ಕೆಲ್ವಿನ್ ಬೆಳಕಿನಲ್ಲಿ ಬೂದು ನೆಲದ ಮೇಲೆ ಬೂದು ಗಂಟಾಗಿ ಕಾಣುತ್ತದೆ. ಕಂದು, ಕೆಂಪು, ಹಸಿರುಗಳನ್ನು ಬೇರೆ ಬೇರೆಯಾಗಿ ತೋರಿಸುವ ಎಲ್‌ಇಡಿ ಬೇಕು. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ ಸಿಆರ್‌ಐ, ಅದು 90ಕ್ಕಿಂತ ಮೇಲಿರುವುದನ್ನು ತೆಗೆದುಕೊಳ್ಳಿ. ನಿಚಿಯಾ 219ಬಿ ಆ ಕಾರಣಕ್ಕೇ ಹೆಸರು ಪಡೆದದ್ದು.

ಕುಂಬಾರ ಕಪ್ಪೆಯನ್ನು ನೋಡಿದ್ದೀರಾ? 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ದಾಖಲಿಸಿದರು, ನಮ್ಮ ಕತ್ತಲೆಕಾನಿನ ಕಡೆಯದೇ. ಗಂಡು ಕಪ್ಪೆ ಮುಂಗೈಯಿಂದ ಕೆಸರು ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೆಸರಿನ ಬಣ್ಣದ ಕಪ್ಪೆ, ಕೆಸರಿನ ಬಣ್ಣದ ಮೊಟ್ಟೆ. ಅಗ್ಗದ ನೀಲಿ ಬೆಳಕು ಹಿಡಿದರೆ ಎದುರಿಗೇ ಇದ್ದರೂ ಕಾಣುವುದಿಲ್ಲ. ನೋಡಲು ಹೋಗುವವರು ಬೆಳಕನ್ನು ತೀರ ಕಡಿಮೆ ಇಟ್ಟುಕೊಳ್ಳಿ ಎಂದೂ ಕೇಳಿಕೊಳ್ಳುತ್ತೇನೆ.

ದೇವಿಮನೆ_ಘಟ್ಟ:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಕಾರಣವೂ ಇದೆ. ಹಳದಿ ಛಾಯೆಯ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ. ದೇವಿಮನೆ ಘಟ್ಟದಲ್ಲಿ ಜುಲೈ ತಿಂಗಳ ರಾತ್ರಿ ಗಾಡಿ ನಿಲ್ಲಿಸಿ ಟೈರ್ ಬದಲಿಸಿದವರಿಗೆ ಇದು ಗೊತ್ತು. ಬಿಳಿ ಟಾರ್ಚ್ ಹಾಕಿದರೆ ಎದುರಿಗೆ ಬಿಳಿ ಗೋಡೆ.

ನಿವೃತ್ತ_ವಿಜ್ಞಾನಮಾಸ್ತರ:
ಇದು ಬಹಳ ಜನರ ನಂಬಿಕೆ, ಆದರೆ ಕಾರಣ ಸರಿಯಿಲ್ಲ. ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ, ಆಕಾಶ ನೀಲಿಯಾಗಿರುವುದು ಅದರಿಂದ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ. ಟಾರ್ಚನ್ನು ಕಣ್ಣಿನ ಮಟ್ಟದಿಂದ ಇಳಿಸಿ ಸೊಂಟದ ಹತ್ತಿರ ಹಿಡಿಯಿರಿ. ಚದುರಿದ ಬೆಳಕು ಕಣ್ಣಿಗೆ ಹಿಂದಿರುಗುವುದು ಕಡಿಮೆಯಾಗುತ್ತದೆ.

ದೇವಿಮನೆ_ಘಟ್ಟ:
ಪುಸ್ತಕದಲ್ಲಿ ಏನೇ ಇರಲಿ ಮಾಸ್ತರೇ, ಹಳದಿ ಬೆಳಕಿನಲ್ಲಿ ನನ್ನ ಕಣ್ಣು ದಣಿಯುವುದಿಲ್ಲ. ಅದು ನನ್ನ ಅನುಭವ, ಬಿಡುವುದಿಲ್ಲ.

ನಿವೃತ್ತ_ವಿಜ್ಞಾನಮಾಸ್ತರ:
ಕಣ್ಣಿಗೆ ಹಿತ ಎಂದರೆ ಒಪ್ಪುತ್ತೇನೆ. ಮಂಜನ್ನು ಸೀಳುತ್ತದೆ ಎಂದರೆ ಒಪ್ಪುವುದಿಲ್ಲ.

ಅಂಕೋಲಾ_ಗದ್ದೆ:
ಹಳದಿ ಛಾಯೆಯ ಬೆಳಕಿಗೆ ಹುಳಗಳು ಕಡಿಮೆ ಮುತ್ತುತ್ತವೆ. ಮಳೆ ಶುರುವಾದ ಮೇಲೆ ಈಚಲು ಏಳುವ ಸಂಜೆ ಬಿಳಿ ಟಾರ್ಚ್ ಹಾಕಿದರೆ ಬಾಯಿ ತೆರೆಯುವ ಹಾಗಿಲ್ಲ.

ಬೈತಖೋಲ್_ಬಂದರು:
ಬೆಳಕಿಗೆ ಮುತ್ತುವುದು ಹುಳ ಮಾತ್ರವಲ್ಲ, ಮೀನೂ ಮುತ್ತುತ್ತದೆ. ದೋಣಿಯಲ್ಲಿ ಜನರೇಟರ್ ಇಟ್ಟು ದೊಡ್ಡ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮರಿ ಮೀನು, ದೊಡ್ಡ ಮೀನು ಎನ್ನದೆ ಎಲ್ಲವನ್ನೂ ಬಾಚಿಕೊಂಡರೆ ನಾಡದೋಣಿಯವರ ಬಲೆಗೆ ಏನು ಉಳಿಯುತ್ತದೆ?

ಹೊನ್ನಾವರ_ಹುಡುಗ:
ನಿಷೇಧ ಕಾಗದದಲ್ಲಿದೆ, ಸಮುದ್ರದಲ್ಲಿ ಬೆಳಕು ಕಾಣುತ್ತಲೇ ಇದೆ.

ಬೈತಖೋಲ್_ಬಂದರು:
ಅದೇ ನಮ್ಮ ಸಂಕಟ. ಅದಕ್ಕೆ ಬೇರೆಯದೇ ಚರ್ಚೆ ತೆರೆಯೋಣ, ಇಲ್ಲಿ ಟಾರ್ಚಿನ ವಿಷಯ ನಡೆಯಲಿ.

ತೋಟದವರೇ, ಯಾವ ಮಾಡ್ಯೂಲ್ ತಂದರೂ ಹಾಕುವ ಮುನ್ನ ಒಳಗಿನ ತಿರುಪನ್ನೂ ಸ್ಪ್ರಿಂಗ್ ತಾಗುವ ಜಾಗವನ್ನೂ ಒಣ ಬಟ್ಟೆಯಿಂದ ಒರೆಸಿ. ಕಿಲುಬಿದ್ದರೆ ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಉಜ್ಜಿ, ನೀರು ಮುಟ್ಟಿಸಿ ಒರೆಸಿ, ಪೂರ್ತಿ ಒಣಗಿಸಿ. ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ. ಮನೆಯಲ್ಲಿದೆ ಎಂದು ವ್ಯಾಸಲಿನ್ ಹಚ್ಚಬೇಡಿ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಸಡಿಲವಾಗುತ್ತದೆ.

ಕೆಳಗಿನತೋಟ_ಶಿರಸಿ:
ಉಂಗುರ ಬಿಗಿ ಮಾಡಿದ ಮೇಲೆ ಮಿಣುಕುವುದು ನಿಂತಿತು. ಸೋಲ್ಡರ್ ಅಣ್ಣನಿಗೆ ಧನ್ಯವಾದ. ಹಾಗಾದರೆ ದೂರಕ್ಕೆ ಎಕ್ಸ್‌ಪಿ-ಜಿ2, ಬಣ್ಣಕ್ಕೆ ನಿಚಿಯಾ. ಮೂರು ನಿಚಿಯಾ ಇರುವುದು ದೂರಕ್ಕೂ ಆಗುವುದಿಲ್ಲವೇ? ಬೆಲೆಯಂತೂ ಅದರದ್ದೇ ಹೆಚ್ಚು.

ಕಪ್ಪೆ_ಕೂಗು:
ನನ್ನ ಬಳಿ ಇರುವುದು ಅದೇ. ಹತ್ತಿರದ ಹತ್ತಿಪ್ಪತ್ತು ಮೀಟರಿಗೆ ಅದರಂಥ ಬೆಳಕಿಲ್ಲ, ಅಂಚೇ ಕಾಣದ ಹಾಗೆ ಹರಡುತ್ತದೆ. 60 ಮೀಟರ್ ಎಂದರೆ ನಾನು ಧೈರ್ಯ ಕೊಡಲಾರೆ. ಮೂರು ಚಿಕ್ಕ ಮಸೂರಗಳಿರುವುದರಿಂದ ಕಿರಣ ಬಿಗಿಯಾಗುವುದಿಲ್ಲ.

ಕುಮಟಾ_ಸೋಲ್ಡರ್:
ಹಾಗಿದ್ದರೆ ಎಕ್ಸ್‌ಪಿ-ಜಿ2ವನ್ನೇ 4000ರಿಂದ 5000 ಕೆಲ್ವಿನ್ ನಡುವಿನ, ನೀಲಿ ಛಾಯೆ ಕಡಿಮೆ ಇರುವ ಬಣ್ಣದಲ್ಲಿ ಕೇಳಿ. ನಿಚಿಯಾದಷ್ಟು ಬಣ್ಣ ಬಿಡಿಸುವುದಿಲ್ಲ, ಆದರೆ 6500ಕ್ಕಿಂತ ಎಷ್ಟೋ ಮೇಲು. ನಾಲ್ಕು 7135 ಇರುವುದನ್ನೇ ತರಿಸಿ, ಎಂಟರದ್ದು ಬೇಡ. ಆ ಎಲ್‌ಇಡಿಯ ಮಿತಿ 1.5 ಆಂಪಿಯರ್. 1.4ರಲ್ಲಿ 3000 ಎಂಎಎಚ್ ಸೆಲ್ ಸುಮಾರು ಎರಡು ಗಂಟೆ ಬರುತ್ತದೆ. 2.8 ಆಂಪಿಯರಿನ ಎಕ್ಸ್‌ಎಂ-ಎಲ್2 ಆದರೆ ಒಂದೇ ಗಂಟೆ. ಬೆಳಕು ಎರಡರಷ್ಟಾದರೂ ಕಣ್ಣಿಗೆ ಎರಡರಷ್ಟು ಅನಿಸುವುದಿಲ್ಲ. ಮಿಂಚುವ ಮೋಡ್, ಎಸ್‌ಒಎಸ್ ಇಲ್ಲದ ಮೂರು ಮೋಡ್ ಸಾಕು. ಹಂದಿ ಎದುರಿಗಿರುವಾಗ ಮೋಡ್ ಬದಲಿಸುತ್ತ ನಿಲ್ಲಲು ಆಗುತ್ತದೆಯೇ?

ಇನ್ನು ಹಳೆಯದು ಯಾಕೆ ಬೆಂದಿತು ಎಂಬ ವಿಷಯ. ಮಾಡ್ಯೂಲಿನ ಹೊರಮೈಗೂ ಟಾರ್ಚಿನ ಒಳಮೈಗೂ ನಡುವೆ ಸಂದು ಇರುತ್ತದೆ. ಬಿಸಿ ಹೊರಗೆ ದಾಟಲು ದಾರಿಯಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ, ಸುಕ್ಕಿಲ್ಲದಂತೆ ಮಾಡ್ಯೂಲಿಗೆ ಬಿಗಿಯಾಗಿ ಸುತ್ತಿ. ಕೈಯಿಂದ ಒತ್ತಿ ತಿರುಗಿಸಿದರೆ ಮಾತ್ರ ಒಳಗೆ ಹೋಗುವಷ್ಟು ದಪ್ಪವಾಗಬೇಕು. ಹಾಳೆಯ ಚೂರು ನಡುವಿನ ಧನ ಸ್ಪ್ರಿಂಗಿಗೆ ತಾಗಬಾರದು, ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. ಸುತ್ತಿದ ಮೇಲೆ ಟಾರ್ಚಿನ ತಲೆ ಬೇಗ ಬಿಸಿಯಾದರೆ ಹೆದರಬೇಡಿ. ಬಿಸಿ ಹೊರಗೆ ಬರುತ್ತಿದೆ ಎಂದು ಅರ್ಥ.

ಯಲ್ಲಾಪುರದಿಂದ:
ಇದೊಂದರಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಹಾಳೆ ಸುತ್ತದ ಪಿ60ಯಲ್ಲಿ ಒಳ್ಳೆಯ ಎಲ್‌ಇಡಿಯೂ ಬಾಳುವುದಿಲ್ಲ.

ಅಂಕೋಲಾ_ಗದ್ದೆ:
ನಡುವೆ ಒಂದು ಪ್ರಶ್ನೆ. ಅಪ್ಪನ ಹಳೆಯ ಹಿತ್ತಾಳೆ ಟಾರ್ಚಿಗೆ ಎರಡು ದೊಡ್ಡ ಸೆಲ್ ಬೀಳುತ್ತವೆ. ಅದಕ್ಕೂ ಎಲ್‌ಇಡಿ ಬಲ್ಬ್ ಹಾಕಬಹುದೇ?

ಕುಮಟಾ_ಸೋಲ್ಡರ್:
ಹಾಕಬಹುದು. ಮೊದಲು ಬಲ್ಬ್ ತೆಗೆದು ಅದರ ಬುಡ ನೋಡಿ. ತಿರುಪಿನದ್ದೋ, ತಗಡಿನ ಅಂಚು ಇರುವ ನುಣುಪು ಬುಡದ್ದೋ ಎಂದು ತಿಳಿದು ಅದೇ ಅಳತೆಯದನ್ನು ತರಬೇಕು. ಎರಡು ಸೆಲ್ ಎಂದರೆ 3 ವೋಲ್ಟ್, ಬಳಸಿದಂತೆ 2ಕ್ಕೆ ಇಳಿಯುತ್ತದೆ. ವೋಲ್ಟೇಜ್ ಏರಿಸುವ ಡ್ರೈವರ್ ಒಳಗಿರುವ ಬಲ್ಬೇ ಆಗಬೇಕು, ಇಲ್ಲದಿದ್ದರೆ ಸೆಲ್ ಅರ್ಧ ಉಳಿದಿರುವಾಗಲೇ ಮಂಕಾಗುತ್ತದೆ. ಹಳೆಯ ತಂತಿ ಬಲ್ಬಿಗೆ ಧನ ಋಣ ಎಂಬ ಭೇದವಿರಲಿಲ್ಲ, ಎಲ್‌ಇಡಿಗೆ ಇದೆ. ಹತ್ತದಿದ್ದರೆ ಸೆಲ್ಲುಗಳನ್ನು ತಿರುಗಿಸಿ ಹಾಕಿ ನೋಡಿ. ಬೆಳಕಿನ ನಡುವೆ ಕಪ್ಪು ಮಚ್ಚೆ ಕಂಡರೆ ಎಲ್‌ಇಡಿ ರಿಫ್ಲೆಕ್ಟರಿನ ನಾಭಿಯಲ್ಲಿ ಕೂತಿಲ್ಲ. ಮೂತಿಯನ್ನು ಸ್ವಲ್ಪ ಸಡಿಲಿಸಿದರೆ ಕೆಲವು ಟಾರ್ಚುಗಳಲ್ಲಿ ಸರಿಹೋಗುತ್ತದೆ.

ಕೆಳಗಿನತೋಟ_ಶಿರಸಿ:
ಎಕ್ಸ್‌ಪಿ-ಜಿ2, ನಾಲ್ಕು ಚಿಪ್ಪು, ಮೂರು ಮೋಡ್, 4500 ಕೆಲ್ವಿನ್ ತರಿಸಿ ಹಾಕಿದೆ. ಹಾಳೆ ಸುತ್ತಿದ್ದೇನೆ. ನೇರಳೆ ಛಾಯೆ ಹೋಗಿ ಅಡಿಕೆ ಮರದ ಕಾಂಡದ ಮೇಲಿನ ಬಿಳಿ ಕಲ್ಲುಹೂವು, ಹಸಿರು ಪಾಚಿ ಬೇರೆ ಬೇರೆಯಾಗಿ ಕಾಣುತ್ತಿವೆ. ಹಳ್ಳದ ಆಚೆ ದಂಡೆಯ ಬೇಲಿಯ ಗೂಟಗಳನ್ನು ಅಂಗಳದಿಂದ ಎಣಿಸಬಹುದು. ಹೆಚ್ಚಿನ ಮೋಡಿನಲ್ಲಿ ಹತ್ತು ನಿಮಿಷ ಇಟ್ಟರೂ ತಲೆ ಕೈಯಲ್ಲಿ ಹಿಡಿಯುವಷ್ಟೇ ಬಿಸಿ. ಡ್ರೈವರ್ ನಿಜಕ್ಕೂ 1.4 ಆಂಪಿಯರ್ ಎಳೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಮನೆಯಲ್ಲಿ ಮಲ್ಟಿಮೀಟರ್ ಇದೆ.

ಕುಮಟಾ_ಸೋಲ್ಡರ್:
ಆಗ ತಂತಿ ಮುಟ್ಟಿಸಿದ ಜಾಗದಲ್ಲೇ ಮೀಟರಿನ ಎರಡು ಕಡ್ಡಿ ಇಡಿ. ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಚುಚ್ಚಿ, ಗುಂಡಿಯನ್ನೂ ಅಲ್ಲಿಗೇ ತಿರುಗಿಸಿ. ಒಂದು ಕಡ್ಡಿ ಸೆಲ್ಲಿನ ಋಣಕ್ಕೆ, ಇನ್ನೊಂದು ಕೊಳವೆಯ ಅಂಚಿಗೆ. ಸೆಲ್ ಪೂರ್ತಿ ಚಾರ್ಜ್ ಆಗಿರಬೇಕು, ಹೆಚ್ಚಿನ ಮೋಡಿನಲ್ಲಿ ಇರಬೇಕು. 1.3ರಿಂದ 1.5ರ ನಡುವೆ ಬಂದರೆ ಸರಿಯಾಗಿದೆ. ಮುಗಿದ ಮೇಲೆ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ಮರಳಿ ಹಾಕಲು ಮರೆಯಬೇಡಿ. ಹಾಗೆಯೇ ಬಿಟ್ಟು ಮುಂದಿನ ಸಲ ಸೆಲ್ಲಿನ ವೋಲ್ಟ್ ನೋಡಲು ಹೋದರೆ ಸೆಲ್ ಶಾರ್ಟ್ ಆಗುತ್ತದೆ.

ಕೆಳಗಿನತೋಟ_ಶಿರಸಿ:
1.38 ತೋರಿಸಿತು. ಕಡ್ಡಿಯನ್ನು ವೋಲ್ಟ್ ತೂತಿಗೆ ಹಾಕಿಟ್ಟಿದ್ದೇನೆ.